ಮುದ್ರೆ ಬೀಳದ ತಕ್ಕಡಿ

ಹಳ್ಳಿಯ ಹಾಲು ಉತ್ಪಾದಕರ ಸಂಘಕ್ಕೆ ಬೆಳಿಗ್ಗೆ ಎರಡು ಲೀಟರು ಹಾಲು ಹೊತ್ತು ತರುವ ಹೆಣ್ಣುಮಗಳ ಹಾಲನ್ನು ಅಳೆಯುತ್ತಾರೆ, ಅದರ ಜಿಡ್ಡಿನ ಅಂಶ ಪರೀಕ್ಷಿಸುತ್ತಾರೆ, ಅದಕ್ಕೆ ತಕ್ಕ ದರ ನಿಗದಿ ಮಾಡುತ್ತಾರೆ. ಪೆಟ್ರೋಲ್ ಬಂಕಿನಲ್ಲಿ ಅನುಮಾನ ಬಂದರೆ ಮುದ್ರೆಯೊತ್ತಿದ ಐದು ಲೀಟರಿನ ಪಾತ್ರೆಯಲ್ಲಿ ಅಳೆದು ತೋರಿಸಿ ಎಂದು ಕೇಳುವ ಹಕ್ಕು ಗ್ರಾಹಕನಿಗಿದೆ. ಸಂತೆಯಲ್ಲಿ ಸೊಪ್ಪು ತರಕಾರಿ ಮಾರುವವನ ತಕ್ಕಡಿಗೂ ತೂಕದ ಕಲ್ಲಿಗೂ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರಲೇಬೇಕು; ಇಲ್ಲದಿದ್ದರೆ ದಂಡ ತಪ್ಪಿದ್ದಲ್ಲ. ಆದರೆ ಇಂದು ಮಹಾನಗರದ ಮನೆಮನೆಯಲ್ಲೂ ತಿಂಗಳು ತಿಂಗಳೂ ಹಣ ತೆತ್ತು ಕೊಳ್ಳಲಾಗುತ್ತಿರುವ ಒಂದು ಸರಕಿಗೆ ಮಾತ್ರ ಇಂಥ ಮುದ್ರೆಯಿಲ್ಲ. ಅದನ್ನು ಅಳೆಯುವವರೂ ಮಾರುವವರೇ, ಅಳತೆ ಸರಿಯಿದೆ ಎಂದು ತೀರ್ಪು ಕೊಡುವವರೂ ಅವರೇ. ಆ ಸರಕಿನ ಹೆಸರು ನಿಸ್ತಂತು ಬ್ರಾಡ್‌ಬ್ಯಾಂಡ್.

ಈ ವ್ಯಾಪಾರದ ಮರ್ಮವೆಲ್ಲ ಒಂದೇ ಪದದಲ್ಲಿ ಅಡಗಿದೆ. ಜಾಹೀರಾತಿನಲ್ಲಿ ವೇಗದ ಅಂಕಿಯನ್ನು ಗೇಣುದ್ದದ ಅಕ್ಷರಗಳಲ್ಲಿ ಅಚ್ಚು ಹಾಕಿ, ಅದರ ಮಗ್ಗುಲಲ್ಲೇ ಸಣ್ಣಕ್ಷರದಲ್ಲಿ ‘ವರೆಗೆ’ ಎಂದು ಸೇರಿಸಿರುತ್ತಾರೆ. ‘ಸೆಕೆಂಡಿಗೆ 40 ಮೆಗಾಬಿಟ್‌ವರೆಗೆ’, ‘100 ಮೆಗಾಬಿಟ್‌ವರೆಗೆ’ ಎಂದರೆ ಅದಕ್ಕಿಂತ ಹೆಚ್ಚು ಸಿಗದು ಎಂಬುದಷ್ಟೇ ಖಚಿತ. ಎಷ್ಟು ಕಡಿಮೆಯಾಗಬಹುದು ಎಂಬುದಕ್ಕೆ ತಳವೇ ಇಲ್ಲ. ಕಿರಾಣಿ ಅಂಗಡಿಯವನು ‘ಒಂದು ಕಿಲೋವರೆಗೆ ಅಕ್ಕಿ’ ಎಂದು ಬೋರ್ಡು ಬರೆದು, ಪೂರ್ತಿ ಹಣ ಪಡೆದು, ಇನ್ನೂರು ಗ್ರಾಂ ಕಟ್ಟಿಕೊಟ್ಟರೆ ನಾವು ಸುಮ್ಮನೆ ಮನೆಗೆ ಮರಳುತ್ತೇವೆಯೇ? ಇನ್ನೊಂದು ಸ್ವಾರಸ್ಯವೂ ಇದೆ. ಈ ‘ವರೆಗೆ’ ವೇಗಕ್ಕೆ ಮಾತ್ರ ಅನ್ವಯ, ಬಿಲ್ಲಿಗಲ್ಲ. ತಿಂಗಳ ಬಿಲ್ಲು ‘ಇಷ್ಟು ರೂಪಾಯಿವರೆಗೆ’ ಎಂದು ಬರುವುದಿಲ್ಲ. ಪೈಸೆ ಸಮೇತ ಖಚಿತವಾಗಿ ಬರುತ್ತದೆ.

ನಾನು ವಾಸವಾಗಿರುವುದು ಬೆಂಗಳೂರಿನ ಹೊರವಲಯದ ಒಂದು ಬಡಾವಣೆಯಲ್ಲಿ. ನಮ್ಮ ಬೀದಿಗೆ ಆಪ್ಟಿಕಲ್ ಫೈಬರ್ ಇನ್ನೂ ತಲುಪಿಲ್ಲ. ಹಾಗಾಗಿ ಛಾವಣಿಯ ಮೇಲೆ ಒಂದು ಗ್ರಾಹಕ ಪೆಟ್ಟಿಗೆ ಕೂರಿಸಿ, ಹತ್ತಿರದ ಗೋಪುರದಿಂದ ರೇಡಿಯೊ ತರಂಗಗಳ ಮೂಲಕ ಇಂಟರ್‌ನೆಟ್ ಒದಗಿಸುವ ಸಂಪರ್ಕವನ್ನು ಪಡೆಯಬೇಕಾಯಿತು. ಒಪ್ಪಂದದಲ್ಲಿದ್ದ ವೇಗ ಸೆಕೆಂಡಿಗೆ 40 ಮೆಗಾಬಿಟ್. ಆರು ತಿಂಗಳ ಶುಲ್ಕವನ್ನು ಮುಂಗಡವಾಗಿ ಕಟ್ಟಿದರೆ ಅಳವಡಿಕೆ ಉಚಿತ ಎಂಬುದು ಕಂಪನಿಯ ಷರತ್ತು. ಮೊದಲೆರಡು ತಿಂಗಳು ಸೇವೆ ನಿರಾತಂಕವಾಗಿ ನಡೆಯಿತು. ಬಳಿಕ ಅಕ್ಕಪಕ್ಕದ ಮನೆಗಳ ಛಾವಣಿಯ ಮೇಲೂ ಅಂಥವೇ ಪೆಟ್ಟಿಗೆಗಳು ಒಂದೊಂದಾಗಿ ಕಾಣಿಸಿಕೊಂಡವು. ನಮ್ಮ ಮನೆಯ ಸಂಜೆಯ ವೇಗ ಒಂದೊಂದೇ ಮೆಟ್ಟಿಲು ಇಳಿಯತೊಡಗಿತು.

ದಾಖಲೆಯಿಲ್ಲದ ದೂರಿಗೆ ಬೆಲೆಯಿಲ್ಲ ಎಂಬುದನ್ನು ಸರ್ಕಾರಿ ಸೇವೆ ಕಲಿಸಿದೆ. ಮೂವತ್ತು ದಿನಗಳ ಕಾಲ ದಿನಕ್ಕೆ ಮೂರು ಬಾರಿ ವೇಗವನ್ನು ಅಳೆದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಬೆಳಗಿನ ಐದು ಗಂಟೆಗೆ 38, 39 ಮೆಗಾಬಿಟ್; ಮಧ್ಯಾಹ್ನ 20ರ ಆಸುಪಾಸು; ರಾತ್ರಿ ಒಂಬತ್ತಕ್ಕೆ 2 ಮುಟ್ಟಿದರೆ ಅದೇ ದೊಡ್ಡದು. ಮೂವತ್ತು ರಾತ್ರಿಗಳ ಪೈಕಿ ಇಪ್ಪತ್ತೆರಡು ರಾತ್ರಿ ಅದು 3ನ್ನು ದಾಟಲಿಲ್ಲ. ಈ ಪಟ್ಟಿಯನ್ನು ಲಗತ್ತಿಸಿ ಕಂಪನಿಗೆ ಬರೆದ ಪತ್ರಕ್ಕೆ, ತಮ್ಮ ಸಂಪರ್ಕದ ಸರಾಸರಿ ವೇಗ ತೃಪ್ತಿಕರವಾಗಿದೆ ಎಂಬ ಉತ್ತರ ಬಂತು.

ಸರಾಸರಿ ಎಂಬುದು ಎಷ್ಟು ಮೋಸದ ಅಂಕಿ ಎಂಬುದನ್ನು ನಮ್ಮ ರೈತರಿಗೆ ಯಾರೂ ಕಲಿಸಬೇಕಾಗಿಲ್ಲ. ನಾನು ತಾಲ್ಲೂಕು ಮಟ್ಟದಲ್ಲಿ ಕೆಲಸ ಮಾಡುತ್ತಿದ್ದಾಗ, ವಾರ್ಷಿಕ ಸರಾಸರಿ ಮಳೆ ಸರಿಯಾಗಿಯೇ ಬಿದ್ದಿದ್ದರೂ ಬೆಳೆ ಪೂರ್ತಿ ಒಣಗಿಹೋದ ವರ್ಷಗಳನ್ನು ಕಂಡಿದ್ದೇನೆ. ಬಿತ್ತನೆಯ ಹೊತ್ತಿಗೆ ಬಾರದ ಮಳೆ ಕೊಯ್ಲಿನ ಹೊತ್ತಿಗೆ ಧಾರಾಕಾರವಾಗಿ ಸುರಿದರೆ ಅಂಕಿಅಂಶದ ಪುಸ್ತಕಕ್ಕೆ ಸಮಾಧಾನ, ಹೊಲಕ್ಕಲ್ಲ. ಊರೆಲ್ಲ ಮಲಗಿರುವಾಗ ಸಿಗುವ 39 ಮೆಗಾಬಿಟ್ಟಿನಿಂದ ಸಂಜೆ ಏಳರ ಅಗತ್ಯ ಪೂರೈಸುವುದಿಲ್ಲ.

ಅಂಕಿಗಳ ವ್ಯತ್ಯಾಸ ಬದುಕಿನಲ್ಲಿ ಏನಾಗುತ್ತದೆ ಎಂಬುದನ್ನೂ ಲೆಕ್ಕ ಹಾಕಬಹುದು. ಜಾಹೀರಾತುಗಳು ವೇಗವನ್ನು ಬಿಟ್‌ಗಳಲ್ಲಿ ಹೇಳುತ್ತವೆ. ನಾವು ಇಳಿಸಿಕೊಳ್ಳುವ ಕಡತಗಳ ಗಾತ್ರ ಬೈಟ್‌ಗಳಲ್ಲಿರುತ್ತದೆ. ಒಂದು ಬೈಟ್ ಎಂದರೆ 8 ಬಿಟ್. ಹೀಗಾಗಿ ಒಂದು ಗಿಗಾಬೈಟ್ ಎಂದರೆ ಸುಮಾರು 8000 ಮೆಗಾಬಿಟ್. ಒಪ್ಪಂದದ 40 ಮೆಗಾಬಿಟ್ ವೇಗದಲ್ಲಿ ಅದನ್ನು ಇಳಿಸಿಕೊಳ್ಳಲು 3 ನಿಮಿಷ 20 ಸೆಕೆಂಡು ಸಾಕು. ರಾತ್ರಿಯ 2 ಮೆಗಾಬಿಟ್ ವೇಗದಲ್ಲಿ 1 ಗಂಟೆ 6 ನಿಮಿಷ 40 ಸೆಕೆಂಡು ಬೇಕು. ಅದೂ ಸಂಪರ್ಕ ನಡುವೆ ಕಡಿಯದಿದ್ದರೆ.

ಇದು ಸಿನಿಮಾ ನೋಡುವವರ ಗೋಳು ಮಾತ್ರ ಎಂದು ತಳ್ಳಿಹಾಕುವವರಿದ್ದಾರೆ. ಅವರಿಗಾಗಿ ಒಂದು ಪ್ರಸಂಗ. ನಮ್ಮ ಮನೆಯಲ್ಲಿ ಅಡುಗೆಗೆ ನೆರವಾಗುವ ಹೆಣ್ಣುಮಗಳ ಮಗಳು ಸಿಇಟಿ ಬರೆದು ಉತ್ತಮ ರ‍್ಯಾಂಕ್ ಪಡೆದಿದ್ದಳು. ಬಯಸುವ ಕಾಲೇಜು ಮತ್ತು ಕೋರ್ಸುಗಳನ್ನು ಆದ್ಯತೆಯ ಕ್ರಮದಲ್ಲಿ ಜಾಲತಾಣದಲ್ಲಿ ದಾಖಲಿಸಲು ಅಂದೇ ಕಡೆಯ ದಿನ. ತಾಯಿ, ಮಗಳು ಸಂಜೆ ನಮ್ಮ ಮನೆಗೆ ಬಂದರು. ಪುಟ ಅರ್ಧ ತೆರೆದು ನಿಲ್ಲುತ್ತಿತ್ತು. ತೆರೆದುಕೊಳ್ಳುವಷ್ಟರಲ್ಲಿ ಅವಧಿ ಮುಗಿಯಿತೆಂದು ಹೊರದೂಡುತ್ತಿತ್ತು. ಮತ್ತೆ ಒಳಹೊಕ್ಕು ಒಟಿಪಿಗಾಗಿ ಕಾಯಬೇಕಾಗುತ್ತಿತ್ತು. ಒಂದೂವರೆ ಗಂಟೆಯಲ್ಲಿ ಆ ಹುಡುಗಿ ದಾಖಲಿಸಲು ಸಾಧ್ಯವಾದದ್ದು ನಾಲ್ಕು ಆಯ್ಕೆಗಳನ್ನು ಮಾತ್ರ. ‘ತಾತ, ಇವು ಉಳಿದುಕೊಂಡಿರುತ್ತವಾ, ಇಲ್ಲಾ ಇವೂ ಹೋಗಿಬಿಟ್ಟವಾ?’ ಎಂದು ಅವಳು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಕೊನೆಗೆ ಅವಳ ತಂದೆ ಸ್ಕೂಟರಿನಲ್ಲಿ ಕೂರಿಸಿಕೊಂಡು ಬಸ್ ನಿಲ್ದಾಣದ ಬಳಿಯ ಸೈಬರ್ ಸೆಂಟರಿಗೆ ಕರೆದೊಯ್ದರು. ಅಲ್ಲಿದ್ದದ್ದು ತಂತಿಯ ಸಂಪರ್ಕ. ಹದಿನೈದು ನಿಮಿಷದಲ್ಲಿ ಕೆಲಸ ಮುಗಿಯಿತು. ತಾಣವೂ ಅದೇ, ರಾತ್ರಿಯೂ ಅದೇ. ಬದಲಾದದ್ದು ಸಂಪರ್ಕ ಮಾತ್ರ. ಆ ಸೆಂಟರು ಬಾಗಿಲು ಹಾಕಿದ್ದರೆ ಎರಡು ವರ್ಷದ ಓದು ಏನಾಗುತ್ತಿತ್ತು ಎಂದು ಈಗಲೂ ಯೋಚಿಸುತ್ತೇನೆ.

ಒಂದು ಗೋಪುರ, ನೂರು ಛಾವಣಿ

ನಿಸ್ತಂತು ಸೇವೆ ಸಂಜೆ ಹೊತ್ತು ಕುಂಟುವುದೇಕೆ? ತಾಂತ್ರಿಕ ಕಾರಣ ಗಹನವಾದುದೇನಲ್ಲ. ತಂತಿಯ ಸಂಪರ್ಕದಲ್ಲಿ ಮನೆಯವರೆಗೆ ಬರುವ ಎಳೆಯ ಸಾಮರ್ಥ್ಯವನ್ನು ಬೇಕಾದಂತೆ ಹಿಗ್ಗಿಸಬಹುದು. ನಿಸ್ತಂತು ಸಂಪರ್ಕದಲ್ಲಿ ಗೋಪುರದ ಒಂದು ದಿಕ್ಕಿನ ಆಂಟೆನಾ ಹೊರಸೂಸುವ ತರಂಗಾಂತರವನ್ನು ಆ ದಿಕ್ಕಿನ ಎಲ್ಲ ಮನೆಗಳೂ, ಎಲ್ಲ ಮೊಬೈಲುಗಳೂ ಹಂಚಿಕೊಳ್ಳುತ್ತವೆ. ತರಂಗಾಂತರ ಮಿತವಾದ ಸಂಪತ್ತು. ಜೊತೆಗೆ ದೂರ ಹೆಚ್ಚಿದಂತೆ ಸಂಕೇತ ಕ್ಷೀಣಿಸುತ್ತದೆ. 700 ಮೆಗಾಹರ್ಟ್ಸ್‌ನಂತಹ ಕೆಳಪಟ್ಟಿಯ ತರಂಗಗಳು ದೂರ ಸಾಗುತ್ತವೆ, ಗೋಡೆಗಳನ್ನೂ ದಾಟುತ್ತವೆ. ಆದರೆ ಅಲ್ಲಿ ಹಂಚಲು ಸಿಗುವ ಪಟ್ಟಿ ಕಿರಿದು. 3300 ಮೆಗಾಹರ್ಟ್ಸ್‌ಗಿಂತ ಮೇಲಿನ 5ಜಿ ತರಂಗಗಳು ಅಗಾಧ ಮಾಹಿತಿ ಹೊರಬಲ್ಲವು. ಆದರೆ ಒಂದು ಕಾಂಕ್ರೀಟ್ ಗೋಡೆಗೇ ಸೊರಗುತ್ತವೆ. ಇನ್ನು ಗೋಪುರದಿಂದ ಕಂಪನಿಯ ಕೇಂದ್ರಕ್ಕೆ ಹೋಗುವ ಹಾದಿಯೇ ಇಕ್ಕಟ್ಟಾಗಿದ್ದರೆ ಆಂಟೆನಾ ಎಷ್ಟು ಹೊಸತಾಗಿದ್ದರೂ ವ್ಯರ್ಥ.

ಇವೆಲ್ಲವೂ ನಿಸರ್ಗದ ಮಿತಿಗಳು. ಅವುಗಳಿಗಾಗಿ ಕಂಪನಿಯನ್ನು ದೂಷಿಸಲಾಗದು. ದೂಷಿಸಬೇಕಾದದ್ದು ಮಿತಿ ಗೊತ್ತಿದ್ದೂ ಮಿತಿಮೀರಿ ಮಾರುವ ಪರಿಪಾಟವನ್ನು. ಅರ್ಥಶಾಸ್ತ್ರದ ದೃಷ್ಟಿಯಿಂದ ಇದನ್ನು ವಿವರಿಸುವುದು ಸುಲಭ. ಗೋಪುರ ಒಮ್ಮೆ ನಿಂತ ಮೇಲೆ ಇನ್ನೊಬ್ಬ ಗ್ರಾಹಕನನ್ನು ಸೇರಿಸಿಕೊಳ್ಳಲು ಕಂಪನಿಗೆ ತಗಲುವ ಹೆಚ್ಚುವರಿ ವೆಚ್ಚ ಅತ್ಯಲ್ಪ. ಆತ ತರುವ ಶುಲ್ಕವೆಲ್ಲ ಕಂಪನಿಯ ಬೊಕ್ಕಸಕ್ಕೆ. ಆತ ಬಂದದ್ದರಿಂದ ಉಂಟಾಗುವ ದಟ್ಟಣೆಯ ನಷ್ಟ ಮಾತ್ರ ಈಗಾಗಲೇ ಇರುವ ಗ್ರಾಹಕರ ನಡುವೆ ಚೂರು ಚೂರಾಗಿ ಹಂಚಿಹೋಗುತ್ತದೆ. ಲಾಭ ಒಬ್ಬನಿಗೆ, ವೆಚ್ಚ ಹಲವರಿಗೆ ಎಂದಾಗ ಆ ಹಲವರು ಒಟ್ಟಾಗಿ ಕೇಳುವವರೆಗೂ ಮಾರಾಟ ನಿಲ್ಲುವುದಿಲ್ಲ. ಸಾರಿಗೆ ಸಂಸ್ಥೆಯ ಬಸ್ಸಿನೊಳಗೆ ಎಷ್ಟು ಆಸನ ಎಂದು ಬರೆದಿರುತ್ತದೆ. ಹತ್ತಿದವನಿಗೆ ಬಸ್ಸು ತುಂಬಿದೆಯೇ ಇಲ್ಲವೇ ಎಂಬುದು ಕಣ್ಣಿಗೇ ಕಾಣುತ್ತದೆ. ಗೋಪುರದ ಬಸ್ಸು ತುಂಬಿರುವುದು ಟಿಕೆಟ್ ಮಾರುವವನಿಗೆ ಮಾತ್ರ ಗೊತ್ತು.

ಮಾರುವವನಿಗೆ ತಿಳಿದದ್ದು ಕೊಳ್ಳುವವನಿಗೆ ತಿಳಿಯದಿದ್ದರೆ ಮಾರುಕಟ್ಟೆ ಹೇಗೆ ಕೆಡುತ್ತದೆ ಎಂಬುದನ್ನು ಜಾರ್ಜ್ ಅಕರ್‌ಲಾಫ್ 1970ರಲ್ಲಿ ಹಳೆಯ ಕಾರುಗಳ ವ್ಯಾಪಾರದ ಉದಾಹರಣೆಯಿಂದ ತೋರಿಸಿಕೊಟ್ಟರು. 2001ರ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರ ಇದೇ ವಿಚಾರಧಾರೆಗೆ ಸಂದಿತು. ಒಳ್ಳೆಯ ಕಾರನ್ನೂ ಕೆಟ್ಟ ಕಾರನ್ನೂ ಗ್ರಾಹಕ ಬೇರ್ಪಡಿಸಿ ಗುರುತಿಸಲಾರದಾದಾಗ ಒಳ್ಳೆಯ ಕಾರಿಗೆ ತಕ್ಕ ಬೆಲೆ ಸಿಗುವುದಿಲ್ಲ. ಕ್ರಮೇಣ ಒಳ್ಳೆಯ ಸರಕೇ ಸಂತೆ ಬಿಟ್ಟು ಹೋಗುತ್ತದೆ. ಬ್ರಾಡ್‌ಬ್ಯಾಂಡ್ ಪೇಟೆಯಲ್ಲೂ ಆಗುತ್ತಿರುವುದು ಅದೇ. ಸಂಜೆ ಹೊತ್ತಿನಲ್ಲೂ 30 ಮೆಗಾಬಿಟ್ ಕೊಡಬಲ್ಲ ಪ್ರಾಮಾಣಿಕ ಸಂಸ್ಥೆ ‘30’ ಎಂದು ಬರೆದರೆ, 2 ಮಾತ್ರ ಕೊಡುವ ಸಂಸ್ಥೆ ‘100ರವರೆಗೆ’ ಎಂದು ಬರೆಯುತ್ತದೆ. ಗ್ರಾಹಕ ಯಾವುದನ್ನು ಆರಿಸುತ್ತಾನೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಹೊರಬಾಗಿಲೂ ಇಲ್ಲ, ಕೇಳುವ ಕಿವಿಯೂ ಇಲ್ಲ

ಅಸಮಾಧಾನಗೊಂಡ ಗ್ರಾಹಕನ ಮುಂದೆ ಎರಡು ದಾರಿಗಳಿವೆ ಎಂದು ಆಲ್ಬರ್ಟ್ ಹರ್ಷ್‌ಮನ್ ಎಂಬ ಅರ್ಥಶಾಸ್ತ್ರಜ್ಞರು 1970ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿವೇಚಿಸಿದ್ದಾರೆ. ಒಂದು, ಆ ಅಂಗಡಿ ಬಿಟ್ಟು ಬೇರೆಡೆಗೆ ಹೋಗುವುದು. ಇನ್ನೊಂದು, ನಿಂತು ದನಿ ಎತ್ತುವುದು. ನಿಸ್ತಂತು ಬ್ರಾಡ್‌ಬ್ಯಾಂಡಿನ ಗ್ರಾಹಕನಿಗೆ ಎರಡೂ ದಾರಿಗಳು ಮುಚ್ಚಿವೆ.

ಮೊದಲನೆಯ ದಾರಿಯನ್ನು ಮುಚ್ಚಿರುವುದು ಮುಂಗಡ ಶುಲ್ಕ. ಆರು ತಿಂಗಳು, ವರ್ಷದ ಹಣ ಮೊದಲೇ ಪಾವತಿಯಾದ ಮೇಲೆ ಬಿಟ್ಟುಹೋಗುವವನು ನಷ್ಟವನ್ನೂ ಹೊತ್ತುಕೊಂಡೇ ಹೋಗಬೇಕು. ಹೋಗುವುದಾದರೂ ಎಲ್ಲಿಗೆ? ಕೆಲವು ವರ್ಷಗಳ ಹಿಂದೆ ಹನ್ನೆರಡರಷ್ಟು ಕಂಪನಿಗಳಿದ್ದ ಮೊಬೈಲ್ ಕ್ಷೇತ್ರದಲ್ಲಿ ಇಂದು ಉಳಿದಿರುವುದು ಮೂರು ಖಾಸಗಿ ಸಂಸ್ಥೆಗಳು ಮತ್ತು ಸರ್ಕಾರಿ ಸ್ವಾಮ್ಯದ ಬಿಎಸ್‌ಎನ್‌ಎಲ್. ಹೊಸ ಬಡಾವಣೆಗಳಲ್ಲಿ ಇವುಗಳಲ್ಲಿ ಒಂದೋ ಎರಡೋ ಮಾತ್ರ ನೆಟ್ಟಗೆ ಸಿಗುತ್ತವೆ.

ಎರಡನೆಯ ದಾರಿಯ ಬಾಗಿಲಲ್ಲಿ ಕಾಲ್‌ಸೆಂಟರ್ ಕುಳಿತಿದೆ. ‘ಮೋಡೆಮ್ ಒಮ್ಮೆ ಆಫ್ ಮಾಡಿ ಆನ್ ಮಾಡಿ ಸರ್’ ಎಂದು ವಿನಯದಿಂದ ಹೇಳುವ ಯುವಕನ ಮೇಲೆ ಸಿಟ್ಟು ಮಾಡಿ ಪ್ರಯೋಜನವಿಲ್ಲ. ಗೋಪುರದ ಸಾಮರ್ಥ್ಯ ಹೆಚ್ಚಿಸುವ ಅಧಿಕಾರ ಅವನಿಗಿಲ್ಲ, ಅದರ ಬಗ್ಗೆ ಮಾಹಿತಿಯೂ ಅವನಿಗಿಲ್ಲ. ನಾನು ಒಂಬತ್ತು ಬಾರಿ ದೂರು ದಾಖಲಿಸಿದೆ. ಒಂಬತ್ತು ಸಂಖ್ಯೆಗಳು ಬಂದವು. ಪ್ರತಿ ಬಾರಿಯೂ ಎರಡು ದಿನಗಳೊಳಗೆ ‘ತಮ್ಮ ದೂರನ್ನು ಬಗೆಹರಿಸಲಾಗಿದೆ’ ಎಂಬ ಸಂದೇಶ ಮೊಬೈಲಿಗೆ ಬಂತು. ಕಚೇರಿಗಳಲ್ಲಿ ಜೀವನ ಸವೆಸಿದವರಿಗೆ ಈ ಭಾಷೆ ಪರಿಚಿತ. ವಿಲೇವಾರಿ ಬೇರೆ, ಪರಿಹಾರ ಬೇರೆ. ಕಡತ ಮುಚ್ಚಿದರೆ ವಿಲೇವಾರಿ ಆಗುತ್ತದೆ. ಅರ್ಜಿದಾರನ ಕಷ್ಟ ನೀಗಿದರೆ ಮಾತ್ರ ಪರಿಹಾರ. ತಿಂಗಳ ಕೊನೆಯ ತಖ್ತೆಯಲ್ಲಿ ವಿಲೇವಾರಿಯ ಶೇಕಡಾವಾರು ನೂರಕ್ಕೆ ನೂರು ಇರುವ ಕಚೇರಿಯ ಎದುರೇ ಜನ ಸಾಲುಗಟ್ಟಿ ನಿಂತಿರುವುದನ್ನು ಯಾರು ತಾನೇ ಕಂಡಿಲ್ಲ?

ನಿಯಂತ್ರಕರು ಸುಮ್ಮನೆ ಕುಳಿತಿಲ್ಲ ಎಂಬುದನ್ನೂ ಹೇಳಬೇಕು. 1997ರಲ್ಲಿ ಸ್ಥಾಪನೆಯಾದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಈ ವಿಷಯದಲ್ಲಿ ಹಲವು ಹೆಜ್ಜೆ ಇಟ್ಟಿದೆ. 2004ರ ಬ್ರಾಡ್‌ಬ್ಯಾಂಡ್ ನೀತಿ ಸೆಕೆಂಡಿಗೆ 256 ಕಿಲೋಬಿಟ್ ಕೊಡುವ ಸಂಪರ್ಕವನ್ನು ಬ್ರಾಡ್‌ಬ್ಯಾಂಡ್ ಎಂದು ಕರೆಯಿತು. 2013ರಲ್ಲಿ ಈ ಮಿತಿ 512 ಕಿಲೋಬಿಟ್‌ಗೆ, 2023ರಲ್ಲಿ 2 ಮೆಗಾಬಿಟ್‌ಗೆ ಏರಿತು. 2006ರ ಗುಣಮಟ್ಟ ನಿಯಮಗಳು, ಸೇವಾದಾರರ ಕೇಂದ್ರದಿಂದ ಗ್ರಾಹಕನವರೆಗೆ ಒಪ್ಪಂದದ ವೇಗದ ಶೇ 80ಕ್ಕಿಂತ ಹೆಚ್ಚು ದೊರೆಯಬೇಕೆಂದು ವಿಧಿಸಿದವು. ಒಂದೇ ಸಾಮರ್ಥ್ಯವನ್ನು ಎಷ್ಟು ಗೃಹಬಳಕೆದಾರರಿಗೆ ಹಂಚಬಹುದು ಎಂಬುದಕ್ಕೆ 2009ರಲ್ಲಿ ಒಂದಕ್ಕೆ ಐವತ್ತರ ಅನುಪಾತವನ್ನು ಟ್ರಾಯ್ ಸೂಚಿಸಿತು. ನಿಸ್ತಂತು ದತ್ತಾಂಶ ಸೇವೆಗೆ 2012ರಲ್ಲಿ ಪ್ರತ್ಯೇಕ ನಿಯಮಗಳು ಬಂದವು. ಜನರೇ ವೇಗ ಅಳೆಯಲೆಂದು 2016ರಲ್ಲಿ ‘ಮೈಸ್ಪೀಡ್’ ಎಂಬ ಆ್ಯಪ್ ಹೊರಬಂತು. ಹಳೆಯ ನಿಯಮಗಳನ್ನೆಲ್ಲ ಒಗ್ಗೂಡಿಸಿದ ಹೊಸ ಗುಣಮಟ್ಟ ನಿಯಮಾವಳಿ 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿತು.

ಹೊಸ ನಿಯಮಾವಳಿಯಲ್ಲಿ ಮೆಚ್ಚತಕ್ಕ ಅಂಶಗಳಿವೆ. ಇಡೀ ಜಿಲ್ಲೆಯಲ್ಲಿ 24 ಗಂಟೆಗೂ ಮೀರಿ ಸೇವೆ ಸ್ಥಗಿತಗೊಂಡರೆ ಗ್ರಾಹಕರಿಗೆ ಶುಲ್ಕದಲ್ಲಿ ರಿಯಾಯಿತಿ ಅಥವಾ ಅವಧಿ ವಿಸ್ತರಣೆ ಕೊಡಬೇಕು. ಗುಣಮಟ್ಟ ಕುಸಿದರೆ ಕಂಪನಿಗೆ ವಿಧಿಸುವ ದಂಡದ ಮೊತ್ತವೂ ಏರಿದೆ. ಆದರೆ ಎರಡು ಕೊರತೆಗಳು ಎದ್ದು ಕಾಣುತ್ತವೆ. ದಂಡದ ಹಣ ನೊಂದ ಗ್ರಾಹಕನ ಕೈಸೇರುವುದಿಲ್ಲ. ಸೇವೆ ಪೂರ್ತಿ ನಿಂತರೆ ಪರಿಹಾರವಿದೆ, ತೆವಳಿದರೆ ಇಲ್ಲ. ಅಂಗಡಿ ಮುಚ್ಚಿದ್ದರೆ ದಂಡ, ತೂಕದಲ್ಲಿ ಕಡಿಮೆ ಕೊಟ್ಟರೆ ಮಾಫಿ ಎಂದಂತಾಯಿತು ಇದು.

ಬ್ಯಾಂಕಿನ ಗ್ರಾಹಕರಿಗೆ 1995ರಿಂದಲೇ ಒಂಬುಡ್ಸ್‌ಮನ್ ವ್ಯವಸ್ಥೆಯಿದೆ. ವಿಮೆಗಿದೆ, 2003ರ ಕಾಯ್ದೆಯ ಬಳಿಕ ವಿದ್ಯುತ್ತಿಗೂ ಇದೆ. ದೂರಸಂಪರ್ಕಕ್ಕೆ ಮಾತ್ರ ಇಲ್ಲ. ಅಂಥದೊಂದು ವ್ಯವಸ್ಥೆ ಬೇಕೆಂದು ಟ್ರಾಯ್ 2017ರಲ್ಲಿ ಶಿಫಾರಸು ಮಾಡಿತ್ತು. ಟ್ರಾಯ್ ಸ್ವತಃ ವೈಯಕ್ತಿಕ ದೂರುಗಳನ್ನು ವಿಚಾರಿಸುವುದಿಲ್ಲ. ಕಂಪನಿಯ ದೂರು ಕೇಂದ್ರ, ಅಲ್ಲಿ ನ್ಯಾಯ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರ, ಇವಿಷ್ಟೇ ಮೆಟ್ಟಿಲು. ತಪ್ಪಿತಸ್ಥನ ಮನೆಯಲ್ಲೇ ಪಂಚಾಯಿತಿ ಸೇರಿದಂತೆ.

ಓದುಗರು ತಿಳಿದಿರಬೇಕಾದ ಒಂದು ದಾರಿ ಉಳಿದಿದೆ. ದೂರವಾಣಿ ವಿವಾದಗಳು ಗ್ರಾಹಕ ವೇದಿಕೆಗಳ ವ್ಯಾಪ್ತಿಗೆ ಬರುವುದಿಲ್ಲ ಎಂದು 1885ರ ಟೆಲಿಗ್ರಾಫ್ ಕಾಯ್ದೆಯನ್ನು ಆಧರಿಸಿ ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿತ್ತು. 2022ರ ಫೆಬ್ರುವರಿಯಲ್ಲಿ ಅದೇ ನ್ಯಾಯಾಲಯ, ಗ್ರಾಹಕ ಆಯೋಗಗಳಿಗೆ ಈ ಅಧಿಕಾರ ಇದೆ ಎಂದು ಸ್ಪಷ್ಟಪಡಿಸಿತು. ಐದು ಲಕ್ಷ ರೂಪಾಯಿವರೆಗಿನ ವ್ಯವಹಾರದ ದೂರಿಗೆ ಜಿಲ್ಲಾ ಆಯೋಗದಲ್ಲಿ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಆದರೆ ತಿಂಗಳಿಗೆ ಐನೂರು, ಆರುನೂರು ರೂಪಾಯಿಯ ಸೇವೆಗಾಗಿ ದಿನಗಟ್ಟಲೆ ಅಲೆಯಲು ಕೂಲಿ ಮಾಡುವವನಿಗೆ, ಅಂಗಡಿ ಇಟ್ಟವನಿಗೆ ಸಾಧ್ಯವೇ? ನಿವೃತ್ತನಾದ ನನಗೆ ಸಮಯವಿದೆ. ಎಲ್ಲರಿಗೂ ಇರುವುದಿಲ್ಲ. ಪ್ರತಿಯೊಬ್ಬನ ನಷ್ಟವೂ ಚಿಕ್ಕದು, ಒಟ್ಟು ನಷ್ಟ ದೊಡ್ಡದು ಎಂಬ ಪರಿಸ್ಥಿತಿಯಲ್ಲಿ ನ್ಯಾಯಾಲಯದ ದಾರಿ ಸಾಲದು. ನಿಯಮವೇ ತಾನಾಗಿ ಕೆಲಸ ಮಾಡಬೇಕು.

ಸರ್ಕಾರದ ಹೊಣೆ

ಖಾಸಗಿ ಕಂಪನಿ ಮತ್ತು ಗ್ರಾಹಕನ ನಡುವಣ ವ್ಯವಹಾರದಲ್ಲಿ ಸರ್ಕಾರ ಏಕೆ ತಲೆಹಾಕಬೇಕು ಎಂಬ ಪ್ರಶ್ನೆ ಏಳಬಹುದು. ಉತ್ತರ ಸರಳ. ಈ ಸರಕನ್ನು ಕೊಳ್ಳಲೇಬೇಕಾದ ಸ್ಥಿತಿಗೆ ನಾಗರಿಕರನ್ನು ತಂದಿರುವುದು ಸರ್ಕಾರವೇ. ಪಹಣಿಗೆ ‘ಭೂಮಿ’, ಆಸ್ತಿ ನೋಂದಣಿಗೆ ‘ಕಾವೇರಿ’, ಹತ್ತಾರು ಪ್ರಮಾಣಪತ್ರಗಳಿಗೆ ‘ಸೇವಾಸಿಂಧು’, ಬೆಂಗಳೂರಿನ ಮನೆ ನಿವೇಶನಗಳಿಗೆ ಇ–ಖಾತಾ, ಪಿಂಚಣಿದಾರರ ಜೀವಂತ ಪ್ರಮಾಣಪತ್ರಕ್ಕೆ 2014ರಲ್ಲಿ ಆರಂಭವಾದ ‘ಜೀವನ ಪ್ರಮಾಣ’. ಇವೆಲ್ಲ ಒಳ್ಳೆಯ ಸುಧಾರಣೆಗಳು. ಮಧ್ಯವರ್ತಿಗಳ ಕಾಟ ತಪ್ಪಿಸಿದ ಇಂಥ ವ್ಯವಸ್ಥೆಗಳ ಪರವಾಗಿ ನಾನು ಸೇವೆಯಲ್ಲಿದ್ದಾಗಲೂ ವಾದಿಸಿದ್ದೇನೆ. ಆದರೆ ಕಚೇರಿಯ ಕಿಟಕಿಯನ್ನು ಪರದೆಯ ಮೇಲಕ್ಕೆ ಸಾಗಿಸಿದ ಮೇಲೆ ಆ ಕಿಟಕಿಗೆ ಹೋಗುವ ರಸ್ತೆಯನ್ನು ನೋಡಿಕೊಳ್ಳುವ ಹೊಣೆಯೂ ಬರುತ್ತದೆ. 2021ರ ಮಳೆಗಾಲದಲ್ಲಿ ಸುಳ್ಯ ತಾಲ್ಲೂಕಿನ ರಸ್ತೆ ಬದಿಯಲ್ಲಿ ಆನ್‌ಲೈನ್ ಪಾಠ ಕೇಳುತ್ತ ಕುಳಿತ ಮಗಳಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರವನ್ನು ನಾಡು ಮರೆತಿಲ್ಲ. ಡಿಜಿಟಲ್ ಸೇವೆಗಳು ಎಲ್ಲರಿಗೂ ಎಟುಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಅಂಗ ಎಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ಹೇಳಿದೆ. ಹಕ್ಕು ಎಂದ ಮೇಲೆ ಅದಕ್ಕೊಂದು ಅಳತೆ ಬೇಡವೇ?

ಬೇರೆ ದೇಶಗಳು ಇದನ್ನು ಮಾಡಿ ತೋರಿಸಿವೆ. ಬ್ರಿಟನ್ನಿನಲ್ಲಿ ಹಿಂದೆ ಹತ್ತರಲ್ಲಿ ಒಬ್ಬ ಗ್ರಾಹಕನಿಗೆ ಸಿಕ್ಕಿದರೂ ‘ವರೆಗೆ’ ಎಂದು ಜಾಹೀರಾತು ಮಾಡಬಹುದಿತ್ತು. 2018ರ ಮೇ ತಿಂಗಳಿನಿಂದ, ರಾತ್ರಿ ಎಂಟರಿಂದ ಹತ್ತರವರೆಗಿನ ದಟ್ಟಣೆಯ ವೇಳೆಯಲ್ಲಿ ಕನಿಷ್ಠ ಅರ್ಧದಷ್ಟು ಗ್ರಾಹಕರಿಗೆ ಸಿಗುವ ವೇಗವನ್ನೇ ಜಾಹೀರಾತಿನಲ್ಲಿ ಹೇಳಬೇಕೆಂಬ ನಿಯಮ ಬಂತು. ಅಲ್ಲಿನ ನಿಯಂತ್ರಕ ಸಂಸ್ಥೆ ರೂಪಿಸಿದ, 2019ರಲ್ಲಿ ಬಲಪಡಿಸಿದ ಸಂಹಿತೆಗೆ ಸಹಿ ಹಾಕಿದ ಕಂಪನಿಗಳು ಕೊಳ್ಳುವ ಮುನ್ನವೇ ಖಾತರಿಯ ಕನಿಷ್ಠ ವೇಗವನ್ನು ತಿಳಿಸಬೇಕು; ಅದಕ್ಕಿಂತ ಕೆಳಗಿಳಿದು 30 ದಿನಗಳಲ್ಲಿ ಸರಿಪಡಿಸದಿದ್ದರೆ ಗ್ರಾಹಕ ದಂಡ ತೆರದೆ ಒಪ್ಪಂದದಿಂದ ಹೊರನಡೆಯಬಹುದು. ಅಮೆರಿಕ 2024ರಲ್ಲಿ ಬ್ರಾಡ್‌ಬ್ಯಾಂಡಿನ ವ್ಯಾಖ್ಯೆಯನ್ನೇ 100 ಮೆಗಾಬಿಟ್‌ಗೆ ಏರಿಸಿತು. ನಮ್ಮ 2 ಮೆಗಾಬಿಟ್ಟಿನ ವ್ಯಾಖ್ಯೆ, ತೆವಳುವುದನ್ನೂ ಓಟವೆಂದೇ ದಾಖಲಿಸಲು ಅನುವು ಮಾಡಿಕೊಡುತ್ತಿದೆ.

ಬ್ರಿಟನ್ನಿನವರೆಗೆ ಹೋಗಬೇಕಾಗಿಯೂ ಇಲ್ಲ. ಕರ್ನಾಟಕವೇ 2011ರಲ್ಲಿ ನಾಗರಿಕ ಸೇವೆಗಳ ಖಾತರಿ ಕಾಯ್ದೆ ತಂದು, 2012ರ ಏಪ್ರಿಲ್‌ನಲ್ಲಿ ‘ಸಕಾಲ’ ಯೋಜನೆಯನ್ನು ಆರಂಭಿಸಿತು. ನಿಗದಿತ ಅವಧಿಯಲ್ಲಿ ಸೇವೆ ಸಿಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವನ್ನು ಅರ್ಜಿದಾರ ಪಡೆಯಬಹುದು, ಅದನ್ನು ತಡ ಮಾಡಿದ ನೌಕರನಿಂದ ವಸೂಲು ಮಾಡಬಹುದು ಎಂದು ವಿಧಿಸಿತು. ಮೊತ್ತ ಚಿಕ್ಕದಿರಬಹುದು. ಆದರೆ ಅದು ಜಾರಿಗೆ ಬಂದ ದಿನಗಳಲ್ಲಿ ಮೇಜಿನ ಮೇಲಿನ ಕಡತಗಳು ಹೇಗೆ ಚಲಿಸತೊಡಗಿದವು ಎಂಬುದನ್ನು ಒಳಗಿದ್ದು ನೋಡಿದವನು ನಾನು. ಕಡಿಮೆ ಸಂಬಳದ ಗುಮಾಸ್ತನಿಗೆ ಅನ್ವಯಿಸಿದ ತತ್ವ ಸಾವಿರಾರು ಕೋಟಿ ವಹಿವಾಟಿನ ಕಂಪನಿಗೆ ಅನ್ವಯಿಸಬಾರದೇ?

ಕಂಪನಿಗಳ ವಾದವನ್ನೂ ಆಲಿಸೋಣ. ತರಂಗಾಂತರದ ಹರಾಜಿಗೆ ಅವು ಭಾರಿ ಮೊತ್ತ ತೆತ್ತಿವೆ. 2010ರ 3ಜಿ ಮತ್ತು ಬ್ರಾಡ್‌ಬ್ಯಾಂಡ್ ತರಂಗಾಂತರದ ಹರಾಜಿನಿಂದಲೇ ಸರ್ಕಾರಕ್ಕೆ ಒಂದು ಲಕ್ಷ ಕೋಟಿ ರೂಪಾಯಿಗೂ ಹೆಚ್ಚು ಬಂತು. ಗೋಪುರ ನಿಲ್ಲಿಸಲು ಹೋದರೆ ಬಡಾವಣೆಯವರೇ ಅಡ್ಡಿಪಡಿಸುತ್ತಾರೆ, ಕೇಬಲ್ಲಿಗೆ ರಸ್ತೆ ಅಗೆಯಲು ಅನುಮತಿ ಸಿಗದೆ ಮರದಿಂದ ಮರಕ್ಕೆ ತೂಗುಹಾಕಬೇಕಾಗುತ್ತದೆ, ಭಾರತದಲ್ಲಿ ದತ್ತಾಂಶದ ದರ ಜಗತ್ತಿನಲ್ಲೇ ಅತ್ಯಂತ ಅಗ್ಗದ ದರಗಳ ಸಾಲಿನಲ್ಲಿದೆ ಎನ್ನುತ್ತವೆ. ಇವೆಲ್ಲ ನಿಜ. ಕನಿಷ್ಠ ವೇಗದ ಖಾತರಿ ಕೊಡಬೇಕಾದರೆ ದರ ಏರಿಸಬೇಕಾಗುತ್ತದೆ ಎಂಬುದೂ ಸುಳ್ಳಲ್ಲ. ಏರಿಸಲಿ. ಸಂಜೆಗೆ 10 ಮೆಗಾಬಿಟ್ಟಿಗೆ ಇಷ್ಟು, 30ಕ್ಕೆ ಇಷ್ಟು ಎಂದು ಮುಕ್ತವಾಗಿ ಹೇಳಲಿ. ಕಡಿಮೆ ಸಾಕೆನ್ನುವವರು ಕಡಿಮೆ ಕೊಡುತ್ತಾರೆ. ಗ್ರಾಹಕ ಕೇಳುತ್ತಿರುವುದು ಅಗ್ಗದ ಸರಕನ್ನಲ್ಲ, ಹೇಳಿದಷ್ಟು ತೂಗುವ ಸರಕನ್ನು.

ಮಾಡಬೇಕಾದದ್ದು ನಾಲ್ಕೇ ಕೆಲಸ. ಮೊದಲನೆಯದಾಗಿ, ಜಾಹೀರಾತಿನಲ್ಲಿ, ಒಪ್ಪಂದದಲ್ಲಿ ಮತ್ತು ಬಿಲ್ಲಿನಲ್ಲಿ ಸಂಜೆ ಏಳರಿಂದ ಹನ್ನೊಂದರವರೆಗಿನ ಕನಿಷ್ಠ ವೇಗವನ್ನು ಗರಿಷ್ಠ ವೇಗದಷ್ಟೇ ದೊಡ್ಡ ಅಕ್ಷರದಲ್ಲಿ ಮುದ್ರಿಸುವುದನ್ನು ಕಡ್ಡಾಯಗೊಳಿಸಬೇಕು. ಎರಡನೆಯದಾಗಿ, ಮನೆಯ ಗ್ರಾಹಕ ಪೆಟ್ಟಿಗೆಯಲ್ಲೇ ವೇಗದ ದಾಖಲೆ ಉಳಿಯುವಂತೆ ಮಾಡಿ, ಆ ದಾಖಲೆಯನ್ನು ಸ್ವತಂತ್ರ ಸಂಸ್ಥೆ ದೃಢೀಕರಿಸಬೇಕು. ಮಳೆ, ಗಾಳಿ, ಗೋಡೆಗಳ ನೆಪಕ್ಕೆ ಅವಕಾಶವಿರದಂತೆ ಛಾವಣಿಯ ಮೇಲಿನ ಅಳತೆಯನ್ನು, ಹತ್ತು ಬಾರಿಗೆ ಒಂಬತ್ತು ಬಾರಿ ಎಂಬ ಸಡಿಲಿಕೆಯೊಂದಿಗೆ, ಆಧಾರವಾಗಿ ಹಿಡಿಯಬಹುದು. ಮೂರನೆಯದಾಗಿ, ಕೊರತೆ ಬಿದ್ದ ದಿನಗಳ ಶುಲ್ಕ ಅರ್ಜಿಯಿಲ್ಲದೆ ಮುಂದಿನ ಬಿಲ್ಲಿನಲ್ಲಿ ಕಡಿತವಾಗಬೇಕು. ತಿಂಗಳಿಡೀ ಕೊರತೆಯಾದರೆ ಮುಂಗಡದ ಬಾಕಿ ಮರಳಿಸಿ ಗ್ರಾಹಕನನ್ನು ಬಿಡುಗಡೆ ಮಾಡಬೇಕು. ನಾಲ್ಕನೆಯದಾಗಿ, ಒಂಬುಡ್ಸ್‌ಮನ್ ನೇಮಕವಾಗಬೇಕು. ಬಳಕೆದಾರರ ಅಹವಾಲುಗಳಿಗೆ ಆನ್‌ಲೈನ್ ವಿವಾದ ಪರಿಹಾರ ವ್ಯವಸ್ಥೆ ರಚಿಸಲು 2023ರ ದೂರಸಂಪರ್ಕ ಕಾಯ್ದೆಯಲ್ಲಿ ಅವಕಾಶವಿದೆ. ಆ ವ್ಯವಸ್ಥೆಗೆ ಕಂಪನಿಯ ಹಂಗಿಲ್ಲದ ತೀರ್ಪುಗಾರರು ಇರಬೇಕು.

ಇವುಗಳಲ್ಲಿ ಒಂದಕ್ಕೂ ಹೊಸ ಗೋಪುರ ಬೇಕಿಲ್ಲ, ಹೊಸ ತರಂಗಾಂತರ ಬೇಕಿಲ್ಲ, ಖಜಾನೆಯಿಂದ ಹೇಳಿಕೊಳ್ಳುವಂಥ ವೆಚ್ಚವೂ ಇಲ್ಲ. ತಾನು ಎಷ್ಟು ಕೊಡಬಲ್ಲೆ ಎಂಬುದು ಪ್ರತಿಯೊಂದು ಕಂಪನಿಗೂ ಗೋಪುರವಾರು, ಗಂಟೆವಾರು ಗೊತ್ತಿದೆ. ಆ ಅಂಕಿಯನ್ನು ಹಣ ಕೊಡುವವನಿಗೂ ತಿಳಿಸು ಎಂದು ಆಜ್ಞೆ ಮಾಡಿದರೆ ಸಾಕು. ಮೊದಲ ಮಾದರಿ ನಿಯಮ ಬಿಲ್ಲಿನ ಮೇಲೆ ಒಂದೇ ಒಂದು ಸಾಲಿನಷ್ಟಿರಲಿ: ಕಳೆದ ತಿಂಗಳ ಸಂಜೆಗಳಲ್ಲಿ ತಮಗೆ ದೊರೆತ ವೇಗ ಇಷ್ಟು. ಆ ಸಾಲು ಅಚ್ಚಾಗತೊಡಗಿದ ದಿನ, ಪಕ್ಕದ ಮನೆಯವರು ಬಿಲ್ಲುಗಳನ್ನು ಹೋಲಿಸಿ ನೋಡತೊಡಗುತ್ತಾರೆ. ಉಳಿದದ್ದನ್ನು ಪೈಪೋಟಿಯೇ ನೋಡಿಕೊಳ್ಳುತ್ತದೆ.